ಶಿಕಾಗೊ ಸ್ಪೈರ್ ಮೇಲೇಳದೆ ಹೋದದ್ದಕ್ಕೆ ನಿಜವಾದ ಕಾರಣ ಯಾವುದು?

ಹೊಂಗೆನೆರಳು ಅವರ ಪ್ರಶ್ನೆ:

ಜಗತ್ತಿನ ಎತ್ತರದ ಕಟ್ಟಡಗಳ ಪಟ್ಟಿಯೊಂದನ್ನು ನಾನು ಹಲವು ವರ್ಷಗಳಿಂದ ಬರೆದಿಟ್ಟುಕೊಳ್ಳುತ್ತಾ ಬಂದಿದ್ದೇನೆ. 2008ರಲ್ಲಿ ಬರೆದ ಪುಟದಲ್ಲಿ ‘ಶಿಕಾಗೊ ಸ್ಪೈರ್, 150 ಮಹಡಿ, 2,000 ಅಡಿ, ನಿರ್ಮಾಣ ನಡೆಯುತ್ತಿದೆ’ ಎಂದು ನನ್ನದೇ ಕೈಬರಹದಲ್ಲಿದೆ. ಸ್ಪೇನಿನ ವಾಸ್ತುಶಿಲ್ಪಿ ಸಾಂಟಿಯಾಗೊ ಕಲಾಟ್ರಾವಾ ಅವರು ರೂಪಿಸಿದ್ದ, ಬುಡದಿಂದ ತುದಿಯವರೆಗೆ ಹುರಿಗಟ್ಟಿದಂತೆ ತಿರುಚಿಕೊಂಡು ಏರುವ ಈ ಕಟ್ಟಡ ಮುಗಿದಿದ್ದರೆ, ಅದೇ ಊರಿನ 442 ಮೀಟರ್ ಎತ್ತರದ ಸಿಯರ್ಸ್ ಟವರನ್ನು ಹಿಂದಿಕ್ಕಿ ಅಮೆರಿಕದಲ್ಲೇ ಅತ್ಯಂತ ಎತ್ತರದ್ದಾಗಿರುತ್ತಿತ್ತು. ಮುಗಿಯಲಿಲ್ಲ ಎಂಬುದು ಗೊತ್ತು. ಏಕೆ ಎಂಬುದು ಸರಿಯಾಗಿ ಗೊತ್ತಾಗುತ್ತಿಲ್ಲ.

‘2008ರ ಆರ್ಥಿಕ ಕುಸಿತ’ ಎಂದು ಒಂದೇ ಮಾತಿನಲ್ಲಿ ಮುಗಿಸುವ ಉತ್ತರ ನನಗೆ ಒಪ್ಪಿಗೆಯಾಗುತ್ತಿಲ್ಲ. ಅದೇ ಕುಸಿತದ ನಡುವೆ, ಅದೇ ಶಿಕಾಗೊ ನದಿಯ ದಂಡೆಯಲ್ಲಿ 423 ಮೀಟರ್ ಎತ್ತರದ ಟ್ರಂಪ್ ಟವರ್ 2009ರಲ್ಲಿ ಪೂರ್ಣಗೊಂಡಿತು. ಹಾಗಾದರೆ ಸ್ಪೈರ್‌ನ ವಿಷಯದಲ್ಲಿ ಎಡವಿದ್ದು ಎಲ್ಲಿ? ಆ ತಿರುಚಿದ ಆಕಾರವನ್ನು ಕಟ್ಟುವುದೇ ಅಸಾಧ್ಯವಾಗಿತ್ತೆ? ಬಲ್ಲವರು ತಿಳಿಸಬೇಕಾಗಿ ಕೋರಿಕೆ. ಪಟ್ಟಿಯಲ್ಲಿ ಅದರ ಹೆಸರಿನ ಮುಂದೆ ಏನೆಂದು ತಿದ್ದಬೇಕು ಎಂಬ ಸಣ್ಣ ಪ್ರಶ್ನೆಯೂ ಇದೆ.

ತಳಪಾಯ ಅವರ ಉತ್ತರ:

ಆಕಾರದ ಮೇಲೆ ತಪ್ಪು ಹೊರಿಸುವುದು ಸರಿಯಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಪ್ರತಿ ಮಹಡಿಯೂ ತನ್ನ ಕೆಳಗಿನ ಮಹಡಿಗಿಂತ ಸುಮಾರು 2.4 ಡಿಗ್ರಿಯಷ್ಟು ತಿರುಗಿ, 150 ಮಹಡಿ ಏರುವಷ್ಟರಲ್ಲಿ ಒಂದು ಪೂರ್ಣ ಸುತ್ತು ಬರುವಂತೆ ನಕ್ಷೆ ಮಾಡಲಾಗಿತ್ತು. ನೋಡುವವರ ಕಣ್ಣಿಗೆ ಇದು ಕಸರತ್ತಿನಂತೆ ಕಂಡರೂ ಅದಕ್ಕೊಂದು ಪ್ರಯೋಜನವಿದೆ. ನೇರವಾದ, ಎಲ್ಲ ಎತ್ತರದಲ್ಲೂ ಒಂದೇ ಅಡ್ಡಕೊಯ್ತವಿರುವ ಗೋಪುರಕ್ಕೆ ಗಾಳಿ ಬಡಿದಾಗ ಅದರ ಎರಡು ಪಕ್ಕಗಳಿಂದ ಸುಳಿಗಳು ಒಂದಾದ ಮೇಲೊಂದರಂತೆ ಲಯಬದ್ಧವಾಗಿ ಕಳಚಿಕೊಂಡು ಕಟ್ಟಡವನ್ನು ಅಡ್ಡಡ್ಡಲಾಗಿ ತೂಗುತ್ತವೆ. ಆಕಾರ ತಿರುಗುತ್ತಾ ಹೋದರೆ ಬೇರೆ ಬೇರೆ ಎತ್ತರದಲ್ಲಿ ಸುಳಿಗಳು ಬೇರೆ ಬೇರೆ ಹೊತ್ತಿಗೆ ಕಳಚುವುದರಿಂದ ಆ ತೂಗಾಟ ಕೂಡಿಕೊಳ್ಳುವುದಿಲ್ಲ. ಕಲಾಟ್ರಾವಾ ಇದನ್ನು 2005ರಲ್ಲಿಯೇ ಸ್ವೀಡನ್ನಿನ ಮಾಲ್ಮೋ ನಗರದ 190 ಮೀಟರ್ ಎತ್ತರದ ಟರ್ನಿಂಗ್ ಟಾರ್ಸೊದಲ್ಲಿ 90 ಡಿಗ್ರಿ ತಿರುಗಿಸಿ ಕಟ್ಟಿ ತೋರಿಸಿದ್ದರು. ಸ್ಪೈರ್‌ಗಿಂತಲೂ ಎತ್ತರವಾದ, 632 ಮೀಟರ್‌ನ ಶಾಂಘೈ ಟವರ್ ಕೂಡ ತಿರುಚಿದ ಕಟ್ಟಡವೇ, ಮತ್ತು ಅದು ನಿಂತಿದೆ.

ನೆಲದ ಕೆಳಗಿನ ಕೆಲಸವೂ ಕೈಕೊಡಲಿಲ್ಲ. ಆ ಜಾಗ ಸರೋವರದ ಅಂಚನ್ನು ತುಂಬಿಸಿ ಮಾಡಿದ ನೆಲ. ಅದರಡಿ ಜೇಡಿಮಣ್ಣು, ಬಹಳ ಕೆಳಗೆ ಬಂಡೆ. ಅಲ್ಲಿ 34 ಕಾಂಕ್ರೀಟ್ ಕಂಬಗಳನ್ನು ಸುಮಾರು 120 ಅಡಿ ಆಳದ ಬಂಡೆಯವರೆಗೆ ಇಳಿಸಿದರು. ಕಟ್ಟಡದ ನಡುಗಂಬಕ್ಕಾಗಿ 104 ಅಡಿ ಅಗಲ, 76 ಅಡಿ ಆಳದ ದುಂಡನೆಯ ಗುಂಡಿಯನ್ನು ತೋಡಿದರು. ಗುಂಡಿ ದುಂಡಗೆ ಏಕೆ ಎಂದು ಹಲವರು ಕೇಳುತ್ತಾರೆ. ಬಾವಿಗೆ ಇಳಿಸುವ ಸಿಮೆಂಟ್ ರಿಂಗನ್ನು ನೋಡಿದವರಿಗೆ ಇದು ಕೂಡಲೇ ಹೊಳೆಯುತ್ತದೆ: ಸುತ್ತಲಿನ ಮಣ್ಣು ಎಲ್ಲ ಕಡೆಯಿಂದಲೂ ಒತ್ತಿದಷ್ಟೂ ರಿಂಗು ತನ್ನಲ್ಲೇ ಬಿಗಿಯಾಗುತ್ತದೆ, ಆದ್ದರಿಂದ ಒಳಗೆ ಅಡ್ಡ ತೊಲೆಗಳನ್ನು ಕೊಡುವ ಅಗತ್ಯ ಬೀಳದೆ ಕೆಲಸಗಾರರಿಗೆ ಇಡೀ ಜಾಗ ಬಯಲಾಗಿ ಸಿಗುತ್ತದೆ. ಈ ಹಂತದವರೆಗೆ ತಾಂತ್ರಿಕವಾಗಿ ಎಲ್ಲವೂ ಅಚ್ಚುಕಟ್ಟಾಗಿಯೇ ನಡೆದಿತ್ತು.

ಲೆಕ್ಕದಪುಸ್ತಕ ಅವರ ಉತ್ತರ:

ತಳಪಾಯ ಅವರ ಮಾತಿಗೆ ನನ್ನ ಸಹಮತವಿದೆ. ಎಡವಿದ್ದು ಹಣದಲ್ಲಿ, ಅದರಲ್ಲೂ ಹಣ ಹೊಂದಿಸಿದ ಕ್ರಮದಲ್ಲಿ.

ಯೋಜನೆ 2005ರ ಜುಲೈನಲ್ಲಿ ಪ್ರಕಟವಾದಾಗ ಅದರ ಹೆಸರು ಫೋರ್ಡಮ್ ಸ್ಪೈರ್ ಎಂದಿತ್ತು. 115 ಮಹಡಿಗಳು, ಕೆಳಗೆ ಹೋಟೆಲು, ಮೇಲೆ ಮನೆಗಳು, ತುದಿಯಲ್ಲೊಂದು ಉದ್ದನೆಯ ಮೊನೆ. ಮೊದಲ ಬಿಲ್ಡರ್ ಕ್ರಿಸ್ಟೋಫರ್ ಕಾರ್ಲಿಯವರಿಗೆ ಬಂಡವಾಳ ಹುಟ್ಟಲಿಲ್ಲ. 2006ರಲ್ಲಿ ಐರ್ಲೆಂಡಿನ ಗ್ಯಾರೆಟ್ ಕೆಲ್ಲೆಹರ್ ಅವರ ಶೆಲ್ಬೋರ್ನ್ ಕಂಪನಿ ಅದನ್ನು ವಹಿಸಿಕೊಂಡು, ಹೋಟೆಲನ್ನು ಕೈಬಿಟ್ಟು, 150 ಮಹಡಿಗಳ ಪೂರ್ತಿ ವಸತಿ ಕಟ್ಟಡವನ್ನಾಗಿ ಬದಲಾಯಿಸಿತು. ನನ್ನ ದೃಷ್ಟಿಯಲ್ಲಿ ಅಪಾಯ ಶುರುವಾದದ್ದು ಇಲ್ಲಿಂದ. ಹೋಟೆಲು, ಕಚೇರಿ, ಅಂಗಡಿ ಎಂದು ಹಲವು ಬಗೆಯ ಆದಾಯವಿದ್ದರೆ ಒಂದು ಕೈಕೊಟ್ಟಾಗ ಇನ್ನೊಂದು ಹಿಡಿದು ನಿಲ್ಲಿಸುತ್ತದೆ. ಸುಮಾರು 1,200 ಐಷಾರಾಮಿ ಫ್ಲ್ಯಾಟ್‌ಗಳನ್ನೇ ನೆಚ್ಚಿಕೊಂಡ ಕಟ್ಟಡಕ್ಕೆ ಅಂಥ ಆಸರೆಯಿಲ್ಲ.

ಎರಡನೆಯದಾಗಿ, ನಗರಸಭೆಯ ಒಪ್ಪಿಗೆ ದೊರೆತ ಮೇಲೆ 2007ರ ಬೇಸಿಗೆಯಲ್ಲಿ ಅಗೆತ ಆರಂಭವಾದಾಗ ಇಡೀ ಕಟ್ಟಡಕ್ಕೆ ಬೇಕಾದ ನಿರ್ಮಾಣ ಸಾಲ ಮಂಜೂರಾಗಿರಲಿಲ್ಲ. ಸ್ವಂತ ಬಂಡವಾಳ ಮತ್ತು ಆಂಗ್ಲೊ ಐರಿಶ್ ಬ್ಯಾಂಕಿನ ಸಾಲದ ಬಲದಿಂದ ತಳಪಾಯ ಹಾಕಿಬಿಡೋಣ, ಫ್ಲ್ಯಾಟ್‌ಗಳು ಮಾರಾಟವಾಗುತ್ತಿದ್ದಂತೆ ದೊಡ್ಡ ಸಾಲ ತಾನಾಗಿ ಬರುತ್ತದೆ ಎಂಬ ಎಣಿಕೆ ಅದರ ಹಿಂದಿತ್ತು. ಮಾರಾಟ ಶುರುವಾದದ್ದು 2008ರ ಜನವರಿಯಲ್ಲಿ. ಅದಕ್ಕಿಂತ ಕೆಟ್ಟ ಮುಹೂರ್ತವನ್ನು ಹುಡುಕಿದರೂ ಸಿಗುತ್ತಿರಲಿಲ್ಲ! ಆ ವರ್ಷದ ಶರತ್ಕಾಲದಲ್ಲಿ ಕೆಲಸ ನಿಂತಿತು, ಬಾಕಿ ಬರಬೇಕಿದ್ದ ಸುಮಾರು 1 ಕೋಟಿ 13 ಲಕ್ಷ ಡಾಲರ್‌ಗಾಗಿ ಸ್ವತಃ ಕಲಾಟ್ರಾವಾ ಅವರೇ ಆ ಆಸ್ತಿಯ ಮೇಲೆ ಹಕ್ಕು ದಾಖಲಿಸಿದರು, 2009ರ ಜನವರಿಯಲ್ಲಿ ಆಂಗ್ಲೊ ಐರಿಶ್ ಬ್ಯಾಂಕನ್ನು ಐರ್ಲೆಂಡ್ ಸರ್ಕಾರವೇ ವಹಿಸಿಕೊಳ್ಳಬೇಕಾಯಿತು. ಸಾಲ ಕೊಟ್ಟವನೇ ಮುಳುಗಿದ ಮೇಲೆ ಸಾಲಗಾರನಿಗೆ ವಾಯಿದೆ ಕೇಳಲೂ ಬಾಗಿಲಿರುವುದಿಲ್ಲ. ಕಾರ್ಮಿಕ ಸಂಘಗಳ ಪಿಂಚಣಿ ನಿಧಿಗಳಿಂದ 17 ಕೋಟಿ ಡಾಲರ್ ತರುವ ಪ್ರಯತ್ನವೂ ಕೂಡಿಬರಲಿಲ್ಲ, 2010ರಲ್ಲಿ ವಿಷಯ ನ್ಯಾಯಾಲಯಕ್ಕೆ ಹೋಯಿತು.

ನದಿಮುಖ ಅವರ ಉತ್ತರ:

ಮೇಲಿನ ಎರಡೂ ಉತ್ತರಗಳು ಸರಿಯೇ. ಆದರೆ ಹೊಂಗೆನೆರಳು ಅವರು ಕೇಳಿದ ‘ಇದೊಂದೇ ಏಕೆ’ ಎಂಬ ಮಾತಿಗೆ ಇನ್ನೂ ಪೂರ್ತಿ ಉತ್ತರ ಸಿಕ್ಕಿಲ್ಲ ಎಂದು ನನಗನ್ನಿಸುತ್ತದೆ. ಅದಕ್ಕೆ ಟ್ರಂಪ್ ಟವರಿಗಿಂತ ವಾಟರ್‌ವ್ಯೂ ಟವರ್ ಒಳ್ಳೆಯ ಹೋಲಿಕೆ. ಅದೇ ನದಿಯ ದಂಡೆಯಲ್ಲಿ ಸುಮಾರು 90 ಮಹಡಿಗಳಿಗೆಂದು ಹೊರಟಿದ್ದ ಆ ಕಟ್ಟಡವೂ 2008ರಲ್ಲಿ ಹಣವಿಲ್ಲದೆ 26ನೆಯ ಮಹಡಿಗೆ ನಿಂತುಹೋಯಿತು. ವರ್ಷಗಟ್ಟಲೆ ಬೋಳು ಕಾಂಕ್ರೀಟಾಗಿಯೇ ಉಳಿದಿದ್ದ ಅದನ್ನು ರಿಲೇಟೆಡ್ ಮಿಡ್‌ವೆಸ್ಟ್ ಎಂಬ ಕಂಪನಿ ಕೊಂಡು, ಎತ್ತರವನ್ನು 60 ಮಹಡಿಗೆ ಇಳಿಸಿ, ಬಾಡಿಗೆ ಮನೆಗಳನ್ನಾಗಿ ಮಾಡಿ 2014ರಲ್ಲಿ ಮುಗಿಸಿತು. ನೇರ ಕಂಬಗಳ ಕಟ್ಟಡವಾದ್ದರಿಂದ ಅದನ್ನು ಮೇಲಿನಿಂದ ಕತ್ತರಿಸಿದರೂ ಉಳಿದದ್ದು ಕಟ್ಟಡವಾಗಿಯೇ ಉಳಿಯಿತು. ಸ್ಪೈರ್‌ಗೆ ಈ ಅನುಕೂಲವಿರಲಿಲ್ಲ: ಪೂರ್ಣ ಸುತ್ತು ಬಂದರಷ್ಟೇ ಅದು ಸ್ಪೈರ್, 60 ಮಹಡಿಗೆ ನಿಲ್ಲಿಸಿದರೆ ಅರ್ಧಕ್ಕೇ ನಿಂತ ತಿರುಪಿನ ಮೊಳೆ. ಇದು ನನ್ನ ಊಹೆಯಷ್ಟೇ ಎನ್ನಬಹುದು, ಆದರೆ 2014ರ ನವೆಂಬರಿನಲ್ಲಿ ಸ್ಪೈರ್‌ನ ಜಾಗವನ್ನೂ ಪಡೆದುಕೊಂಡದ್ದು ಅದೇ ರಿಲೇಟೆಡ್ ಮಿಡ್‌ವೆಸ್ಟ್; ಒಂದನ್ನು ಉಳಿಸಿಕೊಂಡವರೇ ಇನ್ನೊಂದರ ನಕ್ಷೆಯನ್ನು ಪೂರ್ತಿಯಾಗಿ ಬದಿಗಿಟ್ಟರು.

ಸ್ನೇಹಿತರೊಬ್ಬರ ಮನೆ ಆ ಜಾಗಕ್ಕೆ ಎದುರಾಗಿದ್ದ ಕಟ್ಟಡದ ಮೇಲಿನ ಮಹಡಿಯೊಂದರಲ್ಲಿದ್ದುದರಿಂದ ಗುಂಡಿಯನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಂದು ಕಡೆ ಸರೋವರ, ಇನ್ನೊಂದು ಕಡೆ ನದಿ, ನಡುವೆ ಕಳೆ ಬೆಳೆದ ಬಯಲಿನಲ್ಲಿ ಅಳತೆ ಹಿಡಿದು ಕೊರೆದಂತಹ ಒಂದು ವೃತ್ತ, ಅದರ ತಳದಲ್ಲಿ ಪಾಚಿಗಟ್ಟಿದ ಮಳೆನೀರು. ಚಳಿಗಾಲದಲ್ಲಿ ಹಿಮ ಬಿದ್ದ ಮೇಲೆ ಸುತ್ತಲಿನದೆಲ್ಲ ಬೆಳ್ಳಗಾಗಿ ಆ ವೃತ್ತವೊಂದೇ ಕಪ್ಪಗೆ ಎದ್ದು ಕಾಣುತ್ತಿತ್ತು. ಹೊಸ ಒಡೆಯರು ಮುಂದೆ ಸುತ್ತಲೂ ಮಣ್ಣಿನ ದಿಬ್ಬ ಎಬ್ಬಿಸಿ ಗಿಡ ನೆಟ್ಟದ್ದರಿಂದ ರಸ್ತೆಯಲ್ಲಿ ಹೋಗುವವರಿಗೆ ಗುಂಡಿ ಮರೆಯಾಯಿತು, ಮೇಲಿನ ಮಹಡಿಯವರಿಗಲ್ಲ.

ಹೊಂಗೆನೆರಳು:

ಮೂವರಿಗೂ ಧನ್ಯವಾದಗಳು. ವಾಟರ್‌ವ್ಯೂ ಉದಾಹರಣೆಯಿಂದ ನನ್ನ ಗೊಂದಲ ಬಹುಮಟ್ಟಿಗೆ ತಿಳಿಯಾಯಿತು. ಉಳಿದಿರುವುದು ಪಟ್ಟಿಯ ಪ್ರಶ್ನೆ. ಅದೇ ಶಿಕಾಗೊಗಾಗಿ ಫ್ರಾಂಕ್ ಲಾಯ್ಡ್ ರೈಟ್ 1956ರಲ್ಲಿ ಮುಂದಿಟ್ಟ, 528 ಮಹಡಿಗಳ, ಒಂದು ಮೈಲಿ ಎತ್ತರದ ‘ದಿ ಇಲಿನಾಯ್’ ಕಟ್ಟಡವನ್ನು ನಾನು ‘ಗಾಳಿಗೋಪುರಗಳು’ ಎಂಬ ಶೀರ್ಷಿಕೆಯಡಿ ಬರೆದುಕೊಂಡಿದ್ದೇನೆ. ಸ್ಪೈರನ್ನೂ ಅಲ್ಲಿಗೇ ಸೇರಿಸಬಹುದೆ?

ತಳಪಾಯ:

ದಯವಿಟ್ಟು ಸೇರಿಸಬೇಡಿ. ರೈಟ್ ಅವರದು 22 ಅಡಿಗೂ ಮೀರಿದ ಚಿತ್ರವಾಗಿ ಪ್ರದರ್ಶನಗೊಂಡು, ಅಣುಶಕ್ತಿಯಿಂದ ನಡೆಯುವ 76 ಲಿಫ್ಟುಗಳ ಕಲ್ಪನೆಯಾಗಿ ಕಾಗದದ ಮೇಲೆಯೇ ಉಳಿದದ್ದು. ಅದಕ್ಕಾಗಿ ಯಾರೂ ಒಂದು ಗುದ್ದಲಿ ಮಣ್ಣನ್ನೂ ಎತ್ತಲಿಲ್ಲ. ಸ್ಪೈರ್‌ಗೆ ಒಪ್ಪಿಗೆ ಸಿಕ್ಕಿತ್ತು, ಬಂಡೆಯವರೆಗೆ ಕಾಂಕ್ರೀಟ್ ಇಳಿದಿತ್ತು, ಮನೆಗಳಿಗೆ ಮುಂಗಡ ಕೊಟ್ಟವರಿದ್ದರು. ‘ಆರಂಭವಾಗಿ ನಿಂತವು’ ಎಂದು ಬೇರೆ ಶೀರ್ಷಿಕೆ ಮಾಡಿ, 2007 ಮತ್ತು 2008 ಎಂದು ಎರಡು ವರ್ಷಗಳನ್ನೂ ನಮೂದಿಸಿ. ಅದೇ ವಿಳಾಸದಲ್ಲಿ ಡೇವಿಡ್ ಚೈಲ್ಡ್ಸ್ ರೂಪಿಸಿದ ‘400 ಲೇಕ್ ಶೋರ್’ ಎಂಬ ಜೋಡಿ ಗೋಪುರಗಳ ಪೈಕಿ 72 ಮಹಡಿಗಳ ಒಂದರ ಕೆಲಸ 2024ರಲ್ಲಿ ಶುರುವಾಗಿದೆ. ಅದಕ್ಕೆ ಪ್ರತ್ಯೇಕ ಸಾಲು ಕೊಡಿ, ಸ್ಪೈರ್‌ನ ಸಾಲನ್ನು ಅಳಿಸಿ ಅದರ ಮೇಲೆ ಬರೆಯಬೇಡಿ.