ಮಾರುತ್ ವಿಮಾನದ ಆಯಿಲ್ ಪೇಂಟಿಂಗ್: ರೆಕ್ಕೆ ಹೊಂದ್ತಿಲ್ಲ, ಕ್ಯಾನ್ವಾಸಿಗೆ ಬೂಷ್ಟು

ತೀರ್ಥಹಳ್ಳಿಯವ:
ವಾಯುಪಡೆ ಪೈಲಟ್ ಆಗಿದ್ದು ನಿವೃತ್ತರಾದ ನಮ್ಮ ಚಿಕ್ಕಪ್ಪ ಈಗ ವಿಮಾನಗಳ ಚಿತ್ರಕ್ಕೆ ಆರ್ಡರ್ ತಗೊಳ್ತಿದಾರೆ. ಮೊದಲನೇದು ಎಚ್‌ಎಫ್-24 ಮಾರುತ್ ಅನ್ನೋ ನಮ್ಮ ದೇಶದ್ದೇ ಹಳೇ ಯುದ್ಧವಿಮಾನ, ಸಹ್ಯಾದ್ರಿ ಮೇಲೆ ಹಾರೋ ಹಾಗೆ, ಮೂರಡಿ ಅಗಲ. 1/72 ಮಾಡೆಲನ್ನ (ನಿಜದ 72ನೇ ಒಂದು ಪಾಲು ಅಳತೆ) ಮೊಬೈಲಲ್ಲಿ ಹತ್ತಿರದಿಂದ ಫೋಟೋ ಹಿಡಿದು, ಅದನ್ನ ನೋಡಿ ಸ್ಕೆಚ್ ಮಾಡಿದ್ರೆ ಮೂತಿ ದಪ್ಪ, ಎರಡು ರೆಕ್ಕೆ ಒಂದಕ್ಕೊಂದು ಹೊಂದಲ್ಲ. ಮೇಲಿಂದ ಈ ಜಡಿಮಳೆಗೆ ಕ್ಯಾನ್ವಾಸ್ ಸಡಿಲ ಬಿದ್ದು ಹಿಂಭಾಗವೆಲ್ಲ ಬೂಷ್ಟು. ಏನು ಮಾಡಬಹುದು?

ಗೆರೆಗಾರ:
ಮೂತಿ ಊದಿದ್ದು ಮೊಬೈಲಿಂದ. 25 ಸೆಂ.ಮೀ. ದೂರದಿಂದ ಹಿಡಿದ್ರೆ ನಿಜವಾದ ವಿಮಾನವನ್ನ 18 ಮೀಟರ್ ದೂರದಲ್ಲಿ ನಿಂತು ನೋಡಿದ ಲೆಕ್ಕ. ಮಾರುತ್ ಉದ್ದವೇ 15.87 ಮೀಟರ್! ಒಂದು ಮೀಟರ್ ಹಿಂದೆ ಸರಿದು ಜೂಮ್ ಮಾಡಿ ತೆಗೀಲಿ.

ರೆಕ್ಕೆಗೆ, ಮೊದಲು ಉದ್ದ 15.87, ಅಗಲ 9 ಮೀಟರ್ ಪ್ರಮಾಣದ ಪೆಟ್ಟಿಗೆಯೊಂದನ್ನ ಪರ್ಸ್ಪೆಕ್ಟಿವಲ್ಲಿ (ದೂರದ್ದು ಚಿಕ್ಕದಾಗಿ ಕಾಣೋ ಹಾಗೆ) ಎಳೆದು, ವಿಮಾನವನ್ನ ಅದರೊಳಗೆ ಕೂರಿಸಬೇಕು. ಎಡ-ಬಲ ರೆಕ್ಕೆ ತುದಿ ಸೇರಿಸೋ ಗೆರೆ, ಬಾಲದ ರೆಕ್ಕೆ ತುದಿ ಸೇರಿಸೋ ಗೆರೆ ಎರಡೂ ಒಂದೇ ವ್ಯಾನಿಶಿಂಗ್ ಪಾಯಿಂಟಿಗೆ (ಸಮಾನಾಂತರ ಗೆರೆಗಳು ದೂರದಲ್ಲಿ ಕೂಡೋ ಹಾಗೆ ಕಾಣೋ ಬಿಂದು) ಹೋಗಬೇಕು. ಒಡಲಿನ ದುಂಡು ತೋರಿಸೋ ಅಂಡಾಕಾರದ ಎಲಿಪ್ಸ್‌ಗಳ ಗಿಡ್ಡ ಅಕ್ಷ ವಿಮಾನದ ನಡುಗೆರೆ ಮೇಲೇ ಇರಲಿ. ಎಲಿಪ್ಸನ್ನ ಸುಮ್ಮನೆ ನೆಟ್ಟಗೆ ನಿಲ್ಲಿಸಿದ್ರೆ ಒಡಲು ತಿರುಚಿದ ಹಾಗೆ ಕಾಣುತ್ತೆ. ಹೆಚ್ಚಿನವರು ಎಡವೋದು ಇಲ್ಲೇ.

ಬಣ್ಣದ ಡಬ್ಬಿ:
ಮಲೆನಾಡಿನ ಮಳೆಗಾಲದಲ್ಲಿ ಕ್ಯಾನ್ವಾಸ್ ಸಹವಾಸವೇ ಬೇಡ. ಬೋರ್ಡ್ ಮಾಡೋರ ಹತ್ರ 3 ಮಿ.ಮೀ. ಎಸಿಪಿ ಶೀಟ್ (ನಡುವೆ ಪ್ಲಾಸ್ಟಿಕ್, ಎರಡೂ ಕಡೆ ಅಲ್ಯೂಮಿನಿಯಂ ಹಾಳೆ) ಸಿಗುತ್ತೆ. 220 ನಂಬರ್ ಸ್ಯಾಂಡ್‌ಪೇಪರಲ್ಲಿ ಹೊಳಪು ಹೋಗೋವರೆಗೆ ಉಜ್ಜಿ, ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ, ಅಕ್ರಿಲಿಕ್ ಜೆಸ್ಸೊ (ಬಣ್ಣ ಹಿಡಿಯೋಕೆ ಕೊಡೋ ಬಿಳಿ ಪ್ರೈಮರ್) ತೆಳ್ಳಗೆ ಮೂರು ಕೋಟ್ ಕೊಡಿ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಡ, ನೀರು ಕುಡಿದು ಅಂಚು ಉಬ್ಬುತ್ತೆ.

ಹೊಸನಗರ:
ಬೇಗ ಒಣಗಲಿ ಅಂತ ಒಲೆ ಮೇಲಿನ ಅಟ್ಟಕ್ಕೆ ಏರಿಸಬಹುದಾ?

ಬಣ್ಣದ ಡಬ್ಬಿ:
ಅಯ್ಯೋ ಬೇಡ ಮಾರಾಯ್ರೇ! ಹಸಿ ಬಣ್ಣಕ್ಕೆ ಮಸಿ ಅಂಟುತ್ತೆ. ಆಯಿಲ್ ಬಣ್ಣದಲ್ಲಿರೋ ಅಗಸೆ ಎಣ್ಣೆ ಕತ್ತಲಲ್ಲಿ ಒಣಗಿದ್ರೆ ಹಳದಿ ತಿರುಗುತ್ತೆ, ಮೊದಲು ಕೆಡೋದು ಆಕಾಶದ ತಿಳಿನೀಲಿ. ನೇರ ಬಿಸಿಲಿಲ್ಲದ, ಬೆಳಕಿರೋ ಕಿಟಕಿ ಪಕ್ಕ, ಗೋಡೆಗೆ ತಾಗಿಸದೆ ಇಡಿ. ವಾರ್ನಿಶ್‌ಗೆ ಆರು ತಿಂಗಳಾದರೂ ಕಾಯಬೇಕು.

ಗೆರೆಗಾರ:
ಪ್ಯಾನೆಲ್ ಗೆರೆ, ಅಂದ್ರೆ ವಿಮಾನದ ಮೈಮೇಲಿನ ತಗಡುಗಳ ನಡುವಿನ ಸಂದು, ಅದರ ಬಗ್ಗೆ ಒಂದು ಮಾತು. ಚಿತ್ರದಲ್ಲಿ ವಿಮಾನ 50 ಸೆಂ.ಮೀ. ಬಂದ್ರೆ ಅಳತೆ ಸುಮಾರು 1/32. 3 ಮಿ.ಮೀ. ಸಂದು ಅಲ್ಲಿ 0.1 ಮಿ.ಮೀ. ಕೂಡ ಇರಲ್ಲ. ಎಲ್ಲವನ್ನೂ ಕಪ್ಪಲ್ಲಿ ಎಳೆದ್ರೆ ಆಟಿಕೆ ಆಗುತ್ತೆ. ಬೆಳಕು ಓರೆಯಾಗಿ ಬೀಳೋ ಕಡೆ ಮಾತ್ರ ಸೂಚಿಸಿದ್ರೆ ಸಾಕು. ಹೊಟ್ಟೆ ಭಾಗಕ್ಕೆ ಕೆಳಗಿನ ಕಾಡಿನ ಹಸಿರು ಸ್ವಲ್ಪ ಬರಲಿ.

ಆರ್ಡರ್ ಕೊಟ್ಟವರೂ ಪೈಲಟ್ ಆಗಿದ್ರೆ ಲಾಗ್‌ಬುಕ್ ನೋಡಿ ಬಾಲದ ನಂಬರ್, ತಾರೀಖು, ಹೊತ್ತು ಕೇಳಿ ಬರೆದಿಟ್ಕೊಳ್ಳಿ. ಬೆಳಿಗ್ಗೆ ಉತ್ತರಕ್ಕೆ ಹಾರಿದ್ರೆ ಬಿಸಿಲು ಬಲಗಡೆ. ಎಡರೆಕ್ಕೆ ಬೆಳಗಿಸಿದ್ರೆ ಅಂಥವರು ನೋಡಿದ ತಕ್ಷಣ ಹಿಡೀತಾರೆ.