ಸೈನಿಕರೂ ವಕೀಲರೂ ಆಗಿದ್ದ ತಂದೆಯವರ ಸ್ಮರಣ ಪುಸ್ತಿಕೆಗೆ ಏನೇನು ಸಂಗ್ರಹಿಸಬೇಕು?

ಪ್ರಶ್ನೆ (ಗದಗದಿಂದ)

ನಮ್ಮ ತಂದೆಯವರ ಪ್ರಥಮ ಪುಣ್ಯಸ್ಮರಣೆ ಸಮೀಪಿಸುತ್ತಿದೆ. 1971ರ ಯುದ್ಧದ ಕಾಲದಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿದ್ದ ಅವರು, ನಿವೃತ್ತರಾದ ಮೇಲೆ ಪದವಿ ಮುಗಿಸಿ, ಧಾರವಾಡದಲ್ಲಿ ಕಾನೂನು ಓದಿ, ಕೊನೆಯವರೆಗೂ ಗದಗದಲ್ಲಿ ವಕೀಲಿ ಮಾಡಿದರು. ಅವರ ವಕೀಲಿಕೆಯನ್ನು ಊರು ಬಲ್ಲದು. ಯುದ್ಧದ ಬಗ್ಗೆ ಮಾತ್ರ ಅವರು ಮನೆಯಲ್ಲಿ ಎಂದೂ ಮಾತನಾಡಲಿಲ್ಲ. ಪೆಟ್ಟಿಗೆಯಲ್ಲಿ ಪದಕಗಳಿವೆ, ಕೆಲವು ಹಳೆಯ ಪತ್ರಗಳಿವೆ. ಮೊಮ್ಮಕ್ಕಳು ಓದಿ ಅಜ್ಜನನ್ನು ಅರಿಯುವಂತಹ ಪುಸ್ತಿಕೆಯನ್ನು ಹೇಗೆ ಸಿದ್ಧಪಡಿಸಬೇಕೆಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಮಾಜಿ ಸೈನಿಕ, ಧಾರವಾಡ)

ಮೊದಲು ಪದಕಗಳ ಅಂಚನ್ನು ನೋಡಿರಿ. ಅಲ್ಲಿ ಸೇವಾ ಸಂಖ್ಯೆ ಮತ್ತು ಹೆಸರು ಕೊರೆದಿರುತ್ತವೆ. ಪೂರ್ವಿ ಸ್ಟಾರ್ ಇದ್ದರೆ ಇಂದಿನ ಬಾಂಗ್ಲಾದೇಶದ ಕಡೆಯ ರಣರಂಗದಲ್ಲಿ, ಪಶ್ಚಿಮಿ ಸ್ಟಾರ್ ಇದ್ದರೆ ಪಾಕಿಸ್ತಾನದ ಕಡೆಗಿನ ನಮ್ಮ ಪಶ್ಚಿಮ ಗಡಿಯಲ್ಲಿ ಇದ್ದರೆಂದು ತಿಳಿಯಬಹುದು. ಡಿಸ್ಚಾರ್ಜ್ ಬುಕ್ (ಸೇವೆಯಿಂದ ಬಿಡುಗಡೆಯಾಗುವಾಗ ಕೊಡುವ ಪುಸ್ತಕ) ಸಿಕ್ಕರೆ ಅವರ ಪಲ್ಟನ್, ಹುದ್ದೆ, ಸೇವಾವಧಿ ಎಲ್ಲವೂ ಅದರಲ್ಲಿಯೇ ಇರುತ್ತವೆ. ಸಿಗದಿದ್ದರೆ ರೆಜಿಮೆಂಟಿನ ದಾಖಲೆ ಕಚೇರಿ ಬೆಳಗಾವಿಯಲ್ಲಿಯೇ ಇದೆ. ನಿಮ್ಮ ತಾಯಿಯವರ ಹೆಸರಿನಿಂದಲೇ ಅರ್ಜಿ ಬರೆಯಿರಿ. ದಾಖಲೆಯಲ್ಲಿ ಇಲ್ಲದ ಶೌರ್ಯವನ್ನು ಅಭಿಮಾನದಿಂದ ಸೇರಿಸಬೇಡಿರಿ ಎಂಬುದು ನನ್ನ ವಿನಂತಿ. ತಾವೇ ಹೇಳಿಕೊಳ್ಳದ ಮನುಷ್ಯರಿಗೆ ನಾವು ಸಲ್ಲಿಸಬಹುದಾದ ಗೌರವ ಅದು.

ಉತ್ತರ (ವಕೀಲ, ಗದಗ)

ವಕೀಲರ ಸಂಘದ ಸಂತಾಪ ಸಭೆಯಲ್ಲಿ ಯಾರು ಏನು ಮಾತನಾಡಿದರೆಂಬುದನ್ನು ಕೇಳಿ ಬರೆದುಕೊಳ್ಳಿರಿ. ಆದರೆ ಅದಕ್ಕಿಂತಲೂ ಮುಖ್ಯವಾಗಿ ನಿಮ್ಮ ತಂದೆಯವರ ಗುಮಾಸ್ತರನ್ನು ಕೂಡಿಸಿಕೊಂಡು ಮಾತನಾಡಿಸಿರಿ. ಯಾವ ಪಕ್ಷಗಾರನಿಂದ ಫೀ ತೆಗೆದುಕೊಳ್ಳಲಿಲ್ಲ, ಯಾವ ವಾಟ್ನಿ (ಆಸ್ತಿ ಪಾಲಿನ) ದಾವೆಯಲ್ಲಿ ಅಣ್ಣ-ತಮ್ಮಂದಿರನ್ನು ರಾಜಿಗೆ ಒಪ್ಪಿಸಿದರು ಎಂಬುದನ್ನು ಅವರಷ್ಟು ಬಲ್ಲವರು ಮತ್ತೊಬ್ಬರಿರಲಾರರು. 1974ರ ಭೂಸುಧಾರಣೆಯ ನಂತರ ಗೇಣಿದಾರರು ತಾವು ಉಳುವ ಭೂಮಿಯ ಒಡೆತನ ಕೇಳಿ ಕೊಟ್ಟ ನಮೂನೆ 7ರ ಅರ್ಜಿಗಳಿಂದ ಹುಟ್ಟಿದ ವ್ಯಾಜ್ಯಗಳು ದಶಕಗಳವರೆಗೆ ನಡೆದವು. 1997ರಲ್ಲಿ ಗದಗ ಜಿಲ್ಲೆಯಾಗುವವರೆಗೆ ನಮ್ಮದು ಧಾರವಾಡ ಜಿಲ್ಲೆಯೇ ಆಗಿದ್ದುದರಿಂದ, ಆ ಪೀಳಿಗೆಯ ವಕೀಲರು ಕಾಗದದ ಕಟ್ಟು ಹಿಡಿದು ಧಾರವಾಡಕ್ಕೆ ಎಷ್ಟು ತಿರುಗಿದರೆಂಬುದನ್ನೂ ಮೊಮ್ಮಕ್ಕಳು ತಿಳಿಯಬೇಕು. ಒಂದು ಎಚ್ಚರಿಕೆ: ಪಕ್ಷಗಾರನು ವಕೀಲರಿಗೆ ಹೇಳಿದ ಮಾತಿನ ಗೋಪ್ಯತೆಯನ್ನು ಪ್ರಕರಣ ಮುಗಿದ ಮೇಲೂ ಕಾಯಬೇಕು. ಆದ್ದರಿಂದ ಪಕ್ಷಗಾರರ ಒಪ್ಪಿಗೆ ಇಲ್ಲದೆ ಹೆಸರುಗಳನ್ನು ಅಚ್ಚು ಹಾಕಿಸಬೇಡಿರಿ.

ಉತ್ತರ (ಹಾವೇರಿಯಿಂದ)

ತಮ್ಮಾ, ನೀವು ತಾಯಿಯವರ ಪ್ರಸ್ತಾಪವನ್ನೇ ಮಾಡಿಲ್ಲ. ಆ ಪತ್ರಗಳು ಬಹುಶಃ ಅವರಿಗೆ ಬಂದವುಗಳೇ ಇರಬೇಕು. ಕಳಿಸಿದವರ ವಿಳಾಸದಲ್ಲಿ 56 ಎಪಿಒ ಅಥವಾ 99 ಎಪಿಒ (ಸೈನ್ಯದ ಅಂಚೆ ಕಚೇರಿ) ಎಂದಷ್ಟೇ ಇದ್ದು ಊರಿನ ಹೆಸರು ಇರದಿದ್ದರೂ, ತಾರೀಖಿನ ಕ್ರಮದಲ್ಲಿ ಜೋಡಿಸಿ ಅವರ ಎದುರಿಗೆ ಓದಿದರೆ, ಆಗ ಮನೆಯಲ್ಲಿ ಯಾರಿದ್ದರು, ಹೊಲ ಯಾರು ನೋಡುತ್ತಿದ್ದರು, ಪತ್ರ ಬರುವುದು ತಡವಾದಾಗ ಅವರು ಹೇಗೆ ದಿನ ಕಳೆದರು ಎಂಬುದೆಲ್ಲ ತಾನಾಗಿಯೇ ಹೊರಬರುತ್ತದೆ. ನಮ್ಮ ತಂದೆಯವರು ತೀರಿದಾಗ ನಾವು ಅವ್ವನನ್ನು ಹೀಗೆಯೇ ಕೇಳಿದೆವು. ಹೊರಗೆ ಕಟ್ಟುನಿಟ್ಟಾಗಿದ್ದ ತಂದೆಯವರು, ಮಕ್ಕಳಿಗೆ ಜ್ವರ ಬಂದರೆ ರಾತ್ರಿಯಿಡೀ ತಾವೇ ಎಚ್ಚರವಿರುತ್ತಿದ್ದರೆಂಬುದು ನಮಗೆ ತಿಳಿದದ್ದೇ ಆಗ. ತಾಯಿಯವರು ಹೇಳಿದ್ದನ್ನು ತಿದ್ದದೆ, ಅವರ ಮಾತಿನಲ್ಲಿಯೇ ಬರೆದು ಪುಸ್ತಿಕೆಯಲ್ಲಿ ಎಲ್ಲಕ್ಕಿಂತ ಮೊದಲು ಇಡಿರಿ. ಪದಕ, ಸನದುಗಳ ವಿವರ ಆಮೇಲೆ ಬರಲಿ.