ನಿನ್ನೆವರೆಗೂ ಜೊತೆಗೆ ಬುತ್ತಿ ಬಿಚ್ಚಿದವರಿಗೆ ಇವತ್ತು ಕೆಲಸ ಹೇಳೋದು ಹೇಗೆ? ಅನುಭವ ಇದ್ದವರು ಹೇಳಿ

ಕೇಳಿದವರು: ಗೋಕುಲ ರಸ್ತೆ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಇಲ್ಲಿನ ಒಂದು ಮಶೀನ್ ಶಾಪ್‌ನಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ವಾಲ್ವ್‌ಗೆ ಹಾಕುವ ಸ್ಪಿಂಡಲ್, ಅಂದರೆ ಲೋಹದ ದಂಡ, ಮಾಡುತ್ತೇವೆ. ಮೂರು ತಿಂಗಳ ಹಿಂದೆ ನನ್ನನ್ನು ಸೂಪರ್‌ವೈಸರ್ ಮಾಡಿದರು. ಕೈಕೆಳಗೆ 14 ಜನ. ಐದು ಜನ ನನಗಿಂತ ಹಿರಿಯರು. ಅದರಲ್ಲಿ ಒಬ್ಬರು ನನಗೆ ಲೇತ್ ಕಲಿಸಿದ ಕಾಕಾ.

ಹೋದ ತಿಂಗಳು ರಾತ್ರಿ ಪಾಳಿಯಲ್ಲಿ 26 ಸ್ಪಿಂಡಲ್ ಅಳತೆ ತಪ್ಪಿದವು. ದಪ್ಪ ಉಳಿದಿದ್ದರೆ ಇನ್ನೊಮ್ಮೆ ಹಚ್ಚಿ ತೆಗೆಯಬಹುದಿತ್ತು. ಇವು ಸಣ್ಣ ಆಗಿದ್ದವು, ಸೀದಾ ಗುಜರಿಗೆ. ಬೆಳಿಗ್ಗೆ ಮ್ಯಾನೇಜರ್ ಎಲ್ಲರ ಮುಂದೆ ಕೇಳಿದರು. "ಆ ಮಶೀನ್ ಕಾಕಾ ನೋಡ್ತಾರೆ ಸರ್" ಎಂದುಬಿಟ್ಟೆ. ಸುಳ್ಳೇನಲ್ಲ. ಆದರೆ ಅವತ್ತಿನಿಂದ ಕಾಕಾ ನನ್ನನ್ನು "ತಮ್ಮಾ" ಅನ್ನುವುದು ಬಿಟ್ಟು "ಸರ್" ಅನ್ನುತ್ತಿದ್ದಾರೆ. ಹೇಳಿದಷ್ಟು ಕೆಲಸ ಮಾಡುತ್ತಾರೆ, ಒಂದು ಮಾತು ಜಾಸ್ತಿ ಇಲ್ಲ. ಉಳಿದವರೂ ಹಾಗೇ ಆಗಿದ್ದಾರೆ. ಮಧ್ಯಾಹ್ನ ನಾನು ಹೋಗಿ ಕೂತರೆ ಮಾತು ನಿಲ್ಲುತ್ತದೆ.

ಯಾರನ್ನು ಕೇಳಿದರೂ ದೊಡ್ಡವರ ಉದಾಹರಣೆ ಕೊಡುತ್ತಾರೆ. ವಿಜಯ ಸಂಕೇಶ್ವರರನ್ನು ನೋಡು, 1976ರಲ್ಲಿ ಒಂದೇ ಲಾರಿಯಿಂದ ಶುರು ಮಾಡಿದರು ಎನ್ನುತ್ತಾರೆ. ಅವರ ಮೇಲೆ ನನಗೂ ಗೌರವ ಇದೆ. ಆದರೆ ನಾಳೆ ಬೆಳಿಗ್ಗೆ ಎಂಟಕ್ಕೆ ಶಾಪ್ ಒಳಗೆ ಕಾಲಿಟ್ಟಾಗ ಏನು ಮಾಡಲಿ ಅನ್ನುವುದು ನನಗೆ ಗೊತ್ತಾಗಬೇಕಿದೆ.

ಗದಗ, ಮುದ್ರಣದ ಕೆಲಸ

ನಿಮ್ಮ ಪ್ರಶ್ನೆ ಓದಿ 1987 ನೆನಪಾಯಿತು. ಆಗ ನನಗೆ 19 ವರ್ಷ. ಗದಗಿನ ಒಂದು ಸಣ್ಣ ಪ್ರೆಸ್‌ನಲ್ಲಿ ಮೊಳೆ ಜೋಡಿಸುತ್ತಿದ್ದೆ. ಸೀಸದ ಅಕ್ಷರಗಳನ್ನು ಒಂದೊಂದಾಗಿ ಖಾನೆಯಿಂದ ಆರಿಸಿ ಸಾಲು ಕೂಡಿಸಬೇಕು. ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುವಿರುತ್ತದೆ. ದಿನವಿಡೀ ನಿಂತೇ ಕೆಲಸ. ಮದುವೆ ಸುಗ್ಗಿ ಬಂತೆಂದರೆ ಉಸಿರು ಬಿಡಲು ಹೊತ್ತಿಲ್ಲ.

ಒಂದು ಸಂಜೆ ರೋಣದ ಕಡೆಯ ರೈತರೊಬ್ಬರು ಲಗ್ನಪತ್ರಿಕೆಯ ಗಂಟು ತಂದು ಮೇಜಿನ ಮೇಲೆ ಇಟ್ಟರು. ತಾರೀಖು ಸರಿ ಇತ್ತು, ವಾರ ತಪ್ಪಿತ್ತು. ಶುಕ್ರವಾರದ ಮದುವೆಗೆ ಗುರುವಾರ ಎಂದು ಕೂಡಿಸಿದ್ದೆ. "ಅರ್ಧ ಹಂಚಿಬಿಟ್ಟೀನ್ರಿ, ಈಗ ಮಂದಿಗೆ ಏನ್ ಹೇಳ್ಲಿ?" ಎಂದರು. ಆ ಧ್ವನಿ ಇನ್ನೂ ಕಿವಿಯಲ್ಲಿದೆ.

ನಮ್ಮ ಮಾಲೀಕರು ಮಶೀನ್ ಬಿಟ್ಟು ಬಂದರು. ಕೈಯಲ್ಲಿ ಮಸಿ ಒರೆಸುವ ಅರಿವೆ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ತಪ್ಪು ನಂದು ಯಜಮಾನ್ರ. ಪ್ರೂಫ್ ನಾನ ನೋಡೀನಿ. ರಾತ್ರಿ ಹೊಡದು ಕೊಡ್ತೀನಿ, ಮುಂಜಾನಿ ಮೊದಲನೇ ಬಸ್ಸಿಗೆ ಒಯ್ರಿ. ರೊಕ್ಕ ಬ್ಯಾಡ" ಎಂದರು. ಆ ರಾತ್ರಿ ಟ್ರೆಡಲ್ ಮಶೀನ್ ತುಳಿದದ್ದು ಅವರೇ. ನಾನು ಕಾಗದ ಕೊಡುತ್ತಿದ್ದೆ. ಎರಡು ಗಂಟೆವರೆಗೆ ಒಂದು ಮಾತಿಲ್ಲ. ಆಮೇಲೆ ಚಹಾ ಸೋಸುತ್ತಾ ಕೇಳಿದರು: "ಇವತ್ತ ಎಷ್ಟು ಪತ್ರಿಕಿ ಕೂಡಿಸಿದಿ?" ಹನ್ನೆರಡು ಎಂದೆ. "ಹಂಗಾರ ನಾ ಕೆಲಸ ಒಪ್ಪಿಕೊಂಡಿದ್ದ ಜಾಸ್ತಿ ಆತು" ಎಂದರು.

ಮರುದಿನದಿಂದ ದಿನಕ್ಕೆ ಎಂಟೇ ಪತ್ರಿಕೆ. ಪ್ರೂಫ್ ಅನ್ನು ಒಬ್ಬ ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ಮೂಲ ಚೀಟಿ ಹಿಡಿದು ನೋಡಬೇಕು. ವಾರವನ್ನು ಮಾತ್ರ ಗೋಡೆಯ ಕ್ಯಾಲೆಂಡರ್ ನೋಡಿಯೇ ಕೂಡಿಸಬೇಕು. ನನ್ನನ್ನು ಬಿಟ್ಟುಕೊಡಲಿಲ್ಲ, ಹಾಗಂತ ತಪ್ಪನ್ನು ಸುಮ್ನೆ ಹೋಗಲಿ ಎಂದೂ ಬಿಡಲಿಲ್ಲ. ಇವೆರಡೂ ಒಟ್ಟಿಗೆ ಇರಬಹುದು ಅಂತ ನಾನು ಕಲಿತದ್ದು ಅವತ್ತು. ಈಗ ನನ್ನದೇ ಆಫ್‌ಸೆಟ್ ಪ್ರೆಸ್ ಇದೆ, ಆರು ಜನ ಇದ್ದಾರೆ. ಕೆಲಸ ಕೆಟ್ಟಾಗ ನನ್ನ ಬಾಯಿಂದ ಮೊದಲು ಬರುವ ಪ್ರಶ್ನೆ "ಯಾರು?" ಅಂತಲೇ. ಅದನ್ನು ನುಂಗಿಕೊಳ್ಳಲು ಇವತ್ತಿಗೂ ಕಷ್ಟಪಡುತ್ತೇನೆ.

ನಿಮ್ಮನ್ನು ಒಂದೇ ಕೇಳುತ್ತೇನೆ. ಆ ರಾತ್ರಿ ಮೊದಲ ಪೀಸ್ ಅಳೆದು ನೋಡಲು ಕಾಕಾ ಅವರಿಗೆ ಹೊತ್ತು ಇತ್ತೇ? ಉತ್ತರ ಇಲ್ಲಿ ಬರೆಯುವುದು ಬೇಡ.

ತಾರಿಹಾಳ, ಹುಬ್ಬಳ್ಳಿ

ಗದಗಿನ ಹಿರಿಯರ ಮಾತು ಮನಸ್ಸಿಗೆ ತಟ್ಟಿತು. ಆದರೂ ಒಂದು ಮಾತು ಸೇರಿಸಬೇಕು. ಅವರ ಮಾಲೀಕರು ಮಾಲೀಕರೇ ಆಗಿದ್ದರು. ನೀವು ಮಧ್ಯದಲ್ಲಿ ಇದ್ದೀರಿ, ನಿಮ್ಮ ಮೇಲೂ ಜನ ಇದ್ದಾರೆ. ನಾನು ಎರಡು ವರ್ಷ ಪ್ರತಿ ತಪ್ಪನ್ನೂ "ನನ್ನದೇ ಸರ್" ಅಂದುಕೊಂಡು ಬಂದೆ. ಮೇಲಿನವರು ಅದನ್ನು ನಂಬಿದರು. ಇವನಿಂದ ಆಗುವುದಿಲ್ಲ ಎಂದು ನನ್ನನ್ನು ಸ್ಟೋರ್‌ಗೆ ಹಾಕಿದರು. ನನ್ನ ಹುಡುಗರಿಗೂ ಅದರಿಂದ ಒಳ್ಳೆಯದಾಗಲಿಲ್ಲ.

ಈಗ ಬೇರೆ ಕಡೆ ಇದ್ದೇನೆ. ಏನಾದರೂ ಕೆಟ್ಟರೆ ಅವತ್ತೇ ಒಂದು ಹಾಳೆಯಲ್ಲಿ ಬರೆದು ಕೊಡುತ್ತೇನೆ. ಏನಾಯಿತು, ಯಾಕೆ ಆಯಿತು, ನಾಳೆಯಿಂದ ಏನು ಬದಲು ಮಾಡುತ್ತೇವೆ. ಅದರಲ್ಲಿ ಹೆಸರು ಇರುವುದಿಲ್ಲ, ಕಾರಣ ಇರುತ್ತದೆ. ಹೆಸರು ಕೇಳಿದರೆ "ಪಾಳಿ ನನ್ನದು ಸರ್" ಎನ್ನುತ್ತೇನೆ. ಮತ್ತೊಂದು, ಕೆಟ್ಟ ಸುದ್ದಿ ಮೇಲಿನವರಿಗೆ ನಿಮ್ಮಿಂದಲೇ ಮೊದಲು ಹೋಗಬೇಕು. ಬೆಳಿಗ್ಗೆ ಅವರೇ ಬಂದು ಕೇಳುವವರೆಗೆ ಕಾದರೆ ಅರ್ಧ ಸೋತಂತೆ. ನಿಮಗೆ ಆದದ್ದೂ ಅದೇ ಅನಿಸುತ್ತದೆ.

ಬ್ಯಾಡಗಿ, ಹಾವೇರಿ ಜಿಲ್ಲೆ

ನಾನು ಓದಿದ್ದು ಏಳನೇ ಇಯತ್ತೆ. ನಮ್ಮೂರಿನ ಮೆಣಸಿನಕಾಯಿ ಗೋದಾಮಿನಲ್ಲಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಒಂದು ಗುಂಪು ನೋಡಿಕೊಳ್ಳುತ್ತೇನೆ. 22 ಜನ. ನಾನೂ ಮೊದಲು ಅವರ ಜೊತೆ ನೆಲದ ಮೇಲೆ ಕೂತು ತೊಟ್ಟು ಬಿಡಿಸಿದವಳೇ. ಮಗಳು ಇದನ್ನು ಬರೆದು ಕೊಡುತ್ತಿದ್ದಾಳೆ.

ನನ್ನನ್ನು ಮೇಲೆ ಮಾಡಿದ ವಾರವೇ ಒಬ್ಬ ಅಕ್ಕ ಕೇಳಿದಳು: "ಇನ್ನ ಮ್ಯಾಲ ನೀನೂ ತೂಕದಾಗ ಕಡೀತೀ ಏನವಾ?" ಕೂಲಿ ಕಿಲೋ ಲೆಕ್ಕದ ಮೇಲೆ. ಹಿಂದೆ ತೂಕ ಒಳಗಿನ ಕೋಣೆಯಲ್ಲಿ ಆಗುತ್ತಿತ್ತು, ಹೊರಗೆ ಬರೀ ಅಂಕಿ ಕೂಗುತ್ತಿದ್ದರು. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ, ಕಣ್ಣಲ್ಲಿ ನೀರು ಬಂತು. ಯಾಕೆಂದರೆ ನನಗೂ ಎಷ್ಟೋ ಸಲ ಆ ಅನುಮಾನ ಬಂದಿತ್ತು.

ಮರುದಿನ ತಕ್ಕಡಿಯನ್ನು ಹೊರಗೆ ಬಾಗಿಲ ಹತ್ತಿರ ತರಿಸಿದೆ. ಅಂಕಿ ಎಲ್ಲರಿಗೂ ಕಾಣಬೇಕು. ಬರೆಯಲು ಬರುವ ಒಬ್ಬ ಹುಡುಗಿ ಅವರದೇ ಕಡೆಯಿಂದ ಇನ್ನೊಂದು ವಹಿಯಲ್ಲಿ ಬರೆಯುತ್ತಾಳೆ. ವಾರದ ಕೊನೆಗೆ ಎರಡೂ ವಹಿ ಕೂಡಿಸಿ ನೋಡುತ್ತೇವೆ. ಮೆಣಸಿನಕಾಯಿಯಲ್ಲಿ ಎರಡು ಜಾತಿ, ಕಡ್ಡಿಕಾಯಿ ಬೇರೆ, ಡಬ್ಬಿಕಾಯಿ ಬೇರೆ ಲೆಕ್ಕ. ಇಷ್ಟೇ ಮಾಡಿದ್ದು. ಜೋರು ಮಾಡುವ ಪ್ರಸಂಗವೇ ಬರಲಿಲ್ಲ. ಸೀಸನ್‌ನಲ್ಲಿ ಲೋಡ್ ಜಾಸ್ತಿ ಬಂದ ದಿನ "ಅಕ್ಕಾರ, ಇವತ್ತ ಇನ್ನೊಂದು ತಾಸು ಕೂಡ್ರೂಣೇನ?" ಅಂದರೆ ಕೂಡುತ್ತಾರೆ.

ಆದರೆ ಒಂದು ಕಡೆ ತಪ್ಪಿದ್ದೇನೆ. ಗೆಳತಿ ಎಂದು ಒಬ್ಬಳಿಗೆ ಮುಂಗಡ ಕೊಟ್ಟೆ, ಮಾಲೀಕರನ್ನು ಕೇಳದೆ. ಅದು ಇನ್ನೊಬ್ಬಳಿಗೆ ಗೊತ್ತಾಯಿತು, ಅವಳೂ ಕೇಳಿದಳು, ಕೊಡಲು ನನ್ನ ಹತ್ತಿರ ಇರಲಿಲ್ಲ. ಆ ಮುನಿಸು ಒಂದು ವರ್ಷ ಹೋಗಲಿಲ್ಲ. ಪ್ರೀತಿ ಎಷ್ಟಾದರೂ ಇರಲಿ, ಲೆಕ್ಕ ಎಲ್ಲರಿಗೂ ಒಂದೇ ಇರಬೇಕು ತಮ್ಮಾ.

ಧಾರವಾಡ

ಬ್ಯಾಡಗಿಯ ಅಕ್ಕನವರಿಗೆ ದೊಡ್ಡ ನಮಸ್ಕಾರ. ನಮ್ಮ ಆಫೀಸಿನಲ್ಲಿ ಎಷ್ಟೋ ತರಬೇತಿ ಆಗಿದೆ, ಬಾಗಿಲಿಗೆ ತಕ್ಕಡಿ ತನ್ನಿ ಅಂತ ಯಾರೂ ಹೇಳಿರಲಿಲ್ಲ.

ಹುಬ್ಬಳ್ಳಿ, ನರ್ಸಿಂಗ್

ಹದಿನೇಳು ವರ್ಷದಿಂದ ನರ್ಸ್, ಈಗ ಒಂದು ವಾರ್ಡಿನ ಇನ್‌ಚಾರ್ಜ್. ನಮ್ಮಲ್ಲಿ ಜಗಳ ಶುರುವಾಗುವುದು ಡ್ಯೂಟಿ ಪಟ್ಟಿಯಿಂದ. ದೀಪಾವಳಿ ರಾತ್ರಿ ಯಾರು, ಯುಗಾದಿ ಬೆಳಿಗ್ಗೆ ಯಾರು. ನಾನು ಪಟ್ಟಿ ಬರೆಯಲು ಕೂತರೆ ಹಬ್ಬದ ರಾತ್ರಿಗೆ ಮೊದಲು ನನ್ನ ಹೆಸರು ಹಾಕುತ್ತೇನೆ. ಆಮೇಲೆ ಉಳಿದವರನ್ನು ಕೇಳುವ ಬಾಯಿ ಬರುತ್ತದೆ.

ತಪ್ಪಿನ ಬಗ್ಗೆ ಒಂದು ಮಾತು. ಹೊಸ ಹುಡುಗಿ ಓಡಿ ಬಂದು "ಸಿಸ್ಟರ್, ಔಷಧ ತಪ್ಪಿ ಕೊಟ್ಟೆ" ಅಂದರೆ ನಾನು ಮೊದಲು ಕೇಳುವುದು "ಪೇಷಂಟ್ ಹೇಗಿದ್ದಾರೆ?" ಅಂತ. ಡಾಕ್ಟರಿಗೆ ಹೇಳಿ, ಬಿಪಿ ನೋಡಿ, ಎಲ್ಲ ಸರಿ ಆದ ಮೇಲೆ ಉಳಿದದ್ದು. ಬಂದು ಹೇಳಿದವಳನ್ನು ಅಲ್ಲೇ ಬೈದರೆ ಮುಂದಿನ ಸಲ ಯಾರೂ ಹೇಳುವುದಿಲ್ಲ. ನಮ್ಮ ಕೆಲಸದಲ್ಲಿ ಹೇಳದೆ ಉಳಿದ ತಪ್ಪು ಜೀವ ತೆಗೆಯುತ್ತದೆ. ನಿಮ್ಮ ಶಾಪ್‌ನಲ್ಲಿ ಈಗ ಯಾರಾದರೂ ತಪ್ಪು ಮಾಡಿದರೆ ನಿಮಗೆ ಬಂದು ಹೇಳುತ್ತಾರಾ? ನನಗೆ ಆ ಚಿಂತೆ.

ಗದಗ ತಾಲ್ಲೂಕು, ಸಹಕಾರ ಸಂಘ

ಕಣಗಿನಹಾಳ ನಮ್ಮ ತಾಲ್ಲೂಕಿನ ಊರು. 1904ರಲ್ಲಿ ಸಹಕಾರ ಸಂಘಗಳ ಕಾಯ್ದೆ ಬಂತು. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಕೃಷಿ ಪತ್ತಿನ ಸಂಘ ಕಟ್ಟಿದರು. ಏಷ್ಯಾದಲ್ಲೇ ಮೊದಲನೆಯದು ಎಂದು ಹೆಸರಾಗಿದೆ. ಎಲ್ಲರೂ ಇಷ್ಟು ಹೇಳಿ ನಿಲ್ಲಿಸುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಬೇರೆ. ಆ ಕಾಯ್ದೆಯಲ್ಲಿ ಹಳ್ಳಿಯ ಸಂಘಗಳ ಹೊಣೆಗೆ ಮಿತಿ ಇರಲಿಲ್ಲ. ಸಂಘ ಮುಳುಗಿದರೆ ಸದಸ್ಯರ ಸ್ವಂತ ಆಸ್ತಿಯೂ ಅದಕ್ಕೆ ಹೊಣೆ. ಊರಿನ ಗೌಡರು ಮುಂದೆ ನಿಂತರು ಅಂದರೆ ತಮ್ಮ ಹೊಲವನ್ನೂ ಮುಂದೆ ಇಟ್ಟರು ಎಂದೇ ಅರ್ಥ. ಬಡ ರೈತ ನಂಬಿ ಬಂದದ್ದು ಅದಕ್ಕೇ ಅಂತ ನನ್ನ ಭಾವನೆ.

ನಾನು ಒಂದು ಸಂಘದಲ್ಲಿ ಸಾಲ ವಸೂಲಿ ನೋಡುತ್ತಿದ್ದೆ. ನನ್ನದೇ ಬೆಳೆಸಾಲ ಬಾಕಿ ಉಳಿದ ವರ್ಷ ಯಾರ ಮನೆಯ ಕಟ್ಟೆಗೂ ಹೋಗಲು ಕಾಲು ಬರಲಿಲ್ಲ. ಎರಡು ಎತ್ತು ಮಾರಿ ಕಟ್ಟಿದೆ. ಆಮೇಲೆ ಹೋದೆ. ಕಾಕಾ ಅವರ ಹತ್ತಿರ ಹೋಗುವ ಮುಂಚೆ ನಿಮ್ಮ ಬಾಕಿ ಏನಿದೆ ನೋಡಿಕೊಳ್ಳಿ.

ಕೇಳಿದವರು: ಗೋಕುಲ ರಸ್ತೆ, ಹುಬ್ಬಳ್ಳಿ

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಗದಗಿನ ಸರ್ ಉತ್ತರ ಬರೆಯಬೇಡಿ ಎಂದಿದ್ದರು. ಆದರೂ ಬರೆಯುತ್ತೇನೆ, ಇಲ್ಲದಿದ್ದರೆ ಮನಸ್ಸಿಗೆ ಸಮಾಧಾನ ಆಗುವುದಿಲ್ಲ.

ಆ ರಾತ್ರಿ ಇನ್ಸರ್ಟ್, ಅಂದರೆ ಲೋಹ ಕೊರೆಯುವ ಅಲಗಿನ ತುದಿ, ಸವೆದಿತ್ತು, ಹೊಸದು ಹಾಕಿದರು. ಹೊಸದು ಹಾಕಿದಾಗ ಆಫ್‌ಸೆಟ್ (ಅಲಗು ಎಷ್ಟು ಒಳಗೆ ಹೋಗಬೇಕು ಅನ್ನುವ ಲೆಕ್ಕ) ಸರಿ ಮಾಡಿ, ಮೊದಲ ಪೀಸ್ ತೆಗೆದು, ಮೈಕ್ರೋಮೀಟರ್ ಹಿಡಿದು ಅಳತೆ ನೋಡಿ, ಆಮೇಲೆ ಮುಂದುವರಿಯಬೇಕು. ಇದನ್ನು ನನಗೆ ಕಲಿಸಿದ್ದೇ ಕಾಕಾ. ಸಂಜೆ ಪಾಳಿ ಬದಲಾಗುವಾಗ ನಾನು ಏನು ಹೇಳಿದ್ದೆ ಗೊತ್ತಾ? "ಮುಂಜಾನಿ ಗಾಡಿ ಐತಿ ಕಾಕಾ, ಮಶೀನ್ ನಿಲ್ಲಿಸಬ್ಯಾಡ್ರಿ." ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಇಲ್ಲಿ ಪ್ರಶ್ನೆ ಕೇಳುವಾಗಲೂ ಬಿಟ್ಟೆ.

ನಿನ್ನೆ ಬೆಳಿಗ್ಗೆ ಮ್ಯಾನೇಜರ್ ರೌಂಡ್‌ಗೆ ಬಂದಾಗ, ಅವತ್ತು ನಿಂತಿದ್ದ ಜಾಗದಲ್ಲೇ, ಎಲ್ಲರ ಮುಂದೆ ಅದನ್ನು ಹೇಳಿದೆ. ತಾರಿಹಾಳದವರು ಹೇಳಿದ ಹಾಗೆ ಒಂದು ಹಾಳೆಯನ್ನೂ ಕೊಟ್ಟೆ. ಗಾಡಿ ನಿಂತರೂ ಸರಿ, ಇನ್ಸರ್ಟ್ ಬದಲಾದರೆ ಮೊದಲ ಪೀಸ್ ಅಳೆಯದೆ ಮುಂದೆ ಹೋಗುವಂತಿಲ್ಲ ಎಂದು ಬರೆದಿದ್ದೆ. ಮ್ಯಾನೇಜರ್ ಓದಿ ಜೇಬಿನಲ್ಲಿ ಇಟ್ಟುಕೊಂಡರು. ಏನೂ ಅನ್ನಲಿಲ್ಲ. ಕಾಕಾ ಕೂಲಂಟ್ ಡಬ್ಬಿ ತುಂಬುತ್ತಿದ್ದರು, ತಲೆ ಎತ್ತಲಿಲ್ಲ.

ಮಧ್ಯಾಹ್ನ ಮಾತು ಮೊದಲಿನಂತೆ ಆಗಲಿಲ್ಲ. "ಸರ್" ಅನ್ನುವುದೂ ಹೋಗಿಲ್ಲ. ಆದರೆ ಇವತ್ತು ಮೂರು ಗಂಟೆಗೆ ಕಾಕಾ ಇನ್ಸರ್ಟ್ ಬದಲು ಮಾಡಿ, ಪೀಸ್ ತೆಗೆದು, ಅರಿವೆಯಲ್ಲಿ ಒರೆಸಿ ನನ್ನ ಹತ್ತಿರ ತಂದರು. ಮೈಕ್ರೋಮೀಟರ್ ನನ್ನ ಕೈಗೆ ಕೊಟ್ಟು "ನೀವೂ ಒಮ್ಮೆ ನೋಡ್ರಿ ಸರ್" ಎಂದರು. ನಾನು ಅಳೆಯುವವರೆಗೂ ಅಲ್ಲೇ ನಿಂತಿದ್ದರು.